ಪಟುತ್ವವೂ ಹೀರಿಕೆಯೂ: ಥೈರಾಯಿಡ್ ಏಡಿಗಂತಿಗೆ ಕೊಡುವ ಅಯೋಡಿನ್-೧೩೧ರ ಪ್ರಮಾಣನಿರ್ಣಯ, ಒಂದು ವಿಮರ್ಶೆ

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರಿಗೆ ‘ಪ್ರಮಾಣ’ವೆಂಬ ಮಾತು ಬಹಳ ಉಪಕಾರಿಯಾದುದು, ಒಮ್ಮೊಮ್ಮೆ ಅಷ್ಟೇ ಅಪಕಾರಿಯೂ ಹೌದು. ಥೈರಾಯಿಡ್ ಗ್ರಂಥಿಯ ಏಡಿಗಂತಿಗೆ ವಿಕಿರಣಪಟುವಾದ ಅಯೋಡಿನ್ನನ್ನು ಕೊಡುವಾಗ, ರೋಗಿ ನುಂಗುವ ವಸ್ತುವಿನ ಅಳತೆಗೂ ಪ್ರಮಾಣವೆನ್ನುತ್ತೇವೆ. ಆ ವಸ್ತು ಒಡಲೊಳಗೆ ಕ್ಷಯಿಸುತ್ತ ಒಂದೊಂದು ಅಂಗದಲ್ಲಿ ಬಿಟ್ಟುಹೋಗುವ ಶಕ್ತಿಯ ಅಳತೆಗೂ ಪ್ರಮಾಣವೆನ್ನುತ್ತೇವೆ. ಮೊದಲನೆಯದನ್ನು ಮಿಲಿಕ್ಯೂರಿಯಲ್ಲಿ, ಈಗಿನ ರೂಢಿಯಂತೆ ಬೆಕೆರೆಲ್‌ನಲ್ಲಿ ಅಳೆಯುವುದು; ಎರಡನೆಯದನ್ನು ರ‍್ಯಾಡ್‌ನಲ್ಲಿ, ಈಗಿನ ರೂಢಿಯಂತೆ ಗ್ರೇಯಲ್ಲಿ ಅಳೆಯುವುದು. ಇವೆರಡೂ ಒಂದಲ್ಲ. ಒಂದೇ ಪಟುತ್ವವನ್ನು ನುಂಗಿದ ಇಬ್ಬರಲ್ಲಿ ಒಬ್ಬನ ಮಜ್ಜೆಗೆ ತಟ್ಟುವ ವಿಕಿರಣ ಇನ್ನೊಬ್ಬನದಕ್ಕಿಂತ ಮೂರು ಪಟ್ಟು ಇರಬಹುದು. ಇಂಗ್ಲಿಷಿನ ‘ಡೋಸ್’ ಎಂಬ ಮಾತಿಗೂ ಇದೇ ದೋಷವುಂಟು. ನಾವು ಅದನ್ನು ಅನುವಾದಿಸುವಾಗ ದೋಷವನ್ನೂ ಜೊತೆಗೆ ಅನುವಾದಿಸಿಕೊಂಡೆವು. ಈ ಬರೆಹದಲ್ಲಿ ನುಂಗಿದುದನ್ನು ‘ಪಟುತ್ವ’ವೆಂದೂ ಅಂಗಾಂಶ ಪಡೆದುದನ್ನು ‘ಹೀರಿಕೆ’ಯೆಂದೂ ಕರೆಯುತ್ತೇನೆ. ‘ಮಾತ್ರೆ’ ಎಂಬ ಸೊಗಸಾದ ಶಬ್ದವೊಂದು ನಮ್ಮಲ್ಲಿದೆ; ವೈದ್ಯದಲ್ಲಿ ಔಷಧದ ಅಳತೆಗೂ ಛಂದಸ್ಸಿನಲ್ಲಿ ಉಚ್ಚಾರಕಾಲದ ಅಳತೆಗೂ ಅದು ಸಲ್ಲುತ್ತದೆ. ಆದರೆ ಇಂದು ಅದು ಗುಳಿಗೆಯೆಂಬ ಅರ್ಥಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ, ಗುಳಿಗೆಯನ್ನೇ ನುಂಗುವ ಪ್ರಸಂಗದಲ್ಲಿ ಅದನ್ನು ಬಳಸಿದರೆ ಗೊಂದಲ ಇಮ್ಮಡಿಯಾದೀತು.

‘ಸುರಕ್ಷಿತ ಪ್ರಮಾಣ’ವೆಂದು ಪಠ್ಯಗ್ರಂಥಗಳು ಹೇಳುವಾಗ ಯಾವ ಅಂಗಕ್ಕೆ ಸುರಕ್ಷಿತ, ಎಷ್ಟು ಕಾಲದವರೆಗೆ ಸುರಕ್ಷಿತ, ಮತ್ತು ಆ ನಿರ್ಣಯಕ್ಕೆ ಬರಲು ರೋಗಿ ತೆರಬೇಕಾದ ಬೆಲೆಯೇನು ಎಂಬುದನ್ನು ಪರೀಕ್ಷಿಸುವುದೇ ಇಲ್ಲಿಯ ಉದ್ದೇಶ. ಈ ಪರೀಕ್ಷೆಯನ್ನು ಪ್ರಯೋಗಶಾಲೆಯ ಕಡೆಯಿಂದ ಮಾಡುವುದು ರೂಢಿ. ನಾನು ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದಗಳ ಕಡೆಯಿಂದ ಮಾಡಲಿಚ್ಛಿಸುತ್ತೇನೆ. ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದುದು ಎಲ್ಲರೂ ಬಲ್ಲ ಸಂಗತಿ; ಹುಮನಾಬಾದವು ಹೈದರಾಬಾದಿನಿಂದ ಸೊಲ್ಲಾಪುರದತ್ತ ಹೋಗುವ ಹೆದ್ದಾರಿಯೂ ಬೀದರಿನಿಂದ ಕಲಬುರಗಿಗೆ ಹೋಗುವ ಹಾದಿಯೂ ಕೂಡುವ ಊರು. ೧೯೫೬ರವರೆಗೆ ಇವೆರಡೂ ಹೈದರಾಬಾದ್ ರಾಜ್ಯದಲ್ಲಿದ್ದವು. ದೊಡ್ಡ ಬೇನೆ ಬಂದಾಗ ಇಲ್ಲಿನವರ ಮುಖ ಇಂದಿಗೂ ಮೊದಲು ಹೈದರಾಬಾದಿನತ್ತ ತಿರುಗುವುದು ಸಹಜವೇ ಆಗಿದೆ. ಬೀದರಿನಲ್ಲಿ ಸರಕಾರಿ ವೈದ್ಯಕೀಯ ವಿದ್ಯಾಲಯವಿದೆ. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ. ೨೦೧೭ರಿಂದ ಹುಮನಾಬಾದದ ಮೂಲಕ ಬೀದರ–ಕಲಬುರಗಿ ರೈಲೂ ಓಡುತ್ತಿದೆ. ಆದರೆ ಹೆಚ್ಚಿನ ಪಟುತ್ವದ ಅಯೋಡಿನ್ ಕೊಡಲು ಬೇಕಾದ ರಕ್ಷಿತ ಕೋಣೆ, ರೋಗಿಯ ಮಲಮೂತ್ರವನ್ನು ಕ್ಷಯಿಸುವವರೆಗೆ ತಡೆದಿಡುವ ತೊಟ್ಟಿ, ಅಳತೆಯ ಯಂತ್ರ, ಅದನ್ನು ಬಲ್ಲ ಭೌತವಿಜ್ಞಾನಿ ಇವು ತಾಲ್ಲೂಕಿನ ಊರಿನಲ್ಲಿ ಇರುವಂಥವಲ್ಲ. ಆದುದರಿಂದ ಇಲ್ಲಿಯ ರೋಗಿಗೆ ಒಂದೊಂದು ಅಳತೆಯೂ ಒಂದು ಪ್ರಯಾಣ, ಇಲ್ಲವೆ ನಗರದಲ್ಲಿ ಒಂದು ರಾತ್ರಿಯ ಬಾಡಿಗೆ. ಪ್ರಮಾಣನಿರ್ಣಯದ ಗ್ರಂಥಗಳಲ್ಲಿ ಈ ಬಾಬತ್ತಿಗೆ ಕಂಬಸಾಲೇ ಇಲ್ಲ.

ಚರಿತ್ರೆಯನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ೧೯೩೮ರಲ್ಲಿ ಬರ್ಕ್ಲಿಯಲ್ಲಿ ಲಿವಿಂಗುಡ್ ಮತ್ತು ಸೀಬೋರ್ಗ್ ಅಯೋಡಿನ್-೧೩೧ನ್ನು ಕಂಡುಹಿಡಿದರು. ೧೯೪೧ರಲ್ಲಿ ಬಾಸ್ಟನ್ನಿನಲ್ಲಿ ಸಾಲ್ ಹರ್ಟ್ಸ್ ವಿಕಿರಣಪಟು ಅಯೋಡಿನ್ನನ್ನು ಥೈರಾಯಿಡ್ಡಿನ ಅತಿಸ್ರಾವಕ್ಕೆ ಮೊದಲು ಪ್ರಯೋಗಿಸಿದನು. ಏಡಿಗಂತಿಯ ವಿಷಯದಲ್ಲಿ ಕಣ್ಣು ತೆರೆಸಿದುದು ನ್ಯೂಯಾರ್ಕಿನ ಮಾಂಟೆಫಿಯೋರ್ ಆಸ್ಪತ್ರೆಯ ಒಬ್ಬ ರೋಗಿ. ಅವನ ಗ್ರಂಥಿಯನ್ನು ಎಷ್ಟೋ ವರ್ಷಗಳ ಹಿಂದೆಯೇ ತೆಗೆದುಹಾಕಿದ್ದರೂ ಅತಿಸ್ರಾವದ ಲಕ್ಷಣಗಳು ಕಾಣಿಸಿಕೊಂಡಿದ್ದವು. ದೇಹದಲ್ಲಿ ಹರಡಿದ್ದ ಗಂತಿಗಳೇ ಗ್ರಂಥಿಯ ಕೆಲಸವನ್ನು ನಡೆಸುತ್ತಿದ್ದವು. ಸೀಡ್ಲಿನ್, ಮಾರಿನೆಲ್ಲಿ, ಆಶ್ರಿ ಎಂಬ ಮೂವರು ಆ ಚಿಕಿತ್ಸೆಯ ವರದಿಯನ್ನು ೧೯೪೬ರಲ್ಲಿ ಪ್ರಕಟಿಸಿದರು. ಈ ಮೂವರಲ್ಲಿ ಮಾರಿನೆಲ್ಲಿ ಭೌತವಿಜ್ಞಾನಿಯೆಂಬುದನ್ನು ನಮ್ಮ ಕಾಲೇಜುಗಳ ಭೌತಶಾಸ್ತ್ರದ ಅಧ್ಯಾಪಕರು ಗಮನಿಸಬೇಕು. ಈ ಚಿಕಿತ್ಸೆ ಹುಟ್ಟುವಾಗಲೇ ಲೆಕ್ಕ ಹಾಕುವವನು ವೈದ್ಯನ ಪಕ್ಕದಲ್ಲಿದ್ದನು. ಮುಂದೆ ಅವನು ಬಹುಮಟ್ಟಿಗೆ ಹಿಂದೆ ಸರಿದು, ೩೦, ೧೦೦, ೧೫೦, ೨೦೦ ಮಿಲಿಕ್ಯೂರಿ ಎಂಬ ದುಂಡು ಸಂಖ್ಯೆಗಳು ಅವನ ಸ್ಥಳದಲ್ಲಿ ಕುಳಿತುವು.

ಲೆಕ್ಕ ಕಷ್ಟದ್ದಲ್ಲ. ಅಯೋಡಿನ್-೧೩೧ರ ಭೌತಿಕ ಅರ್ಧಾಯು ಎಂಟು ದಿನ. ಅದು ಹೊರಸೂಸುವ ಬೀಟಾ ಕಣಗಳು ಅಂಗಾಂಶದಲ್ಲಿ ಸಾಗುವುದು ಹೆಚ್ಚೆಂದರೆ ಎರಡು ಮಿಲಿಮೀಟರಿನಷ್ಟು. ಗಂತಿಯನ್ನು ಸುಡುವುದು ಇವು. ಜೊತೆಗೆ ಬರುವ ಗಾಮಾ ಕಿರಣ ದೇಹವನ್ನು ದಾಟಿ ಹೊರಬರುವುದರಿಂದ ಅಳತೆಗೂ ಅನುಕೂಲ, ನೆರೆಯವರಿಗೆ ಅಪಾಯಕ್ಕೂ ಕಾರಣ. ಗ್ರಂಥಿಯನ್ನು ತೆಗೆದ ದೇಹದಲ್ಲಿ ಅಯೋಡಿನ್ನಿನ ಬಹುಭಾಗ ಮೂತ್ರದ ಮೂಲಕ ಹೊರಟುಹೋಗುತ್ತದೆ. ದೇಹ ತನ್ನಲ್ಲಿಯ ಅರ್ಧ ಅಯೋಡಿನ್ನನ್ನು ಹೊರಹಾಕಲು ಒಂದು ದಿನ ತೆಗೆದುಕೊಂಡರೆ ಭೌತಿಕ ಕ್ಷಯವೂ ಸೇರಿ ಪರಿಣಾಮಕ ಅರ್ಧಾಯು ಎಂಟನ್ನು ಒಂಬತ್ತರಿಂದ ಭಾಗಿಸಿದಷ್ಟು, ಅಂದರೆ ೦.೮೯ ದಿನ. ಮೂತ್ರಪಿಂಡ ನಿಧಾನವಾಗಿ, ಎರಡು ದಿನ ಬೇಕಾದರೆ ೧.೬ ದಿನ, ನಾಲ್ಕು ದಿನ ಬೇಕಾದರೆ ೨.೬೭ ದಿನ. ಒಟ್ಟು ದೇಹದ ಹೀರಿಕೆ ಈ ಅರ್ಧಾಯುವಿನ ಅನುಪಾತದಲ್ಲಿ ಏರುವುದರಿಂದ, ಒಂದೇ ಗುಳಿಗೆ ಮೊದಲನೆಯವನಿಗಿಂತ ಮೂರನೆಯವನ ದೇಹಕ್ಕೆ ಮೂರು ಪಟ್ಟು ಹೊರೆಯಾಗುತ್ತದೆ. ದೇಹದಿಂದ ಅಯೋಡಿನ್ ಹೊರಹೋಗುವ ಕ್ರಮ ಒಂದೇ ಘಾತೀಯ ರೇಖೆಯಷ್ಟು ಸರಳವಲ್ಲವೆಂಬುದು ನಿಜ. ಆದರೆ ಬಿ.ಎಸ್‌ಸಿ. ತರಗತಿಯಲ್ಲಿ ಹತ್ತು ನಿಮಿಷದಲ್ಲಿ ಕಪ್ಪುಹಲಗೆಯ ಮೇಲೆ ತೋರಿಸಬಹುದಾದ ಈ ಲೆಕ್ಕವು ದುಂಡು ಸಂಖ್ಯೆಗಳ ಮೇಲಿನ ವಿಶ್ವಾಸವನ್ನು ಸಾಕಷ್ಟು ಅಲುಗಿಸುತ್ತದೆ. ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ಚಿಕಿತ್ಸೆಗೆ ಸಿದ್ಧಗೊಳಿಸಲು ಮೂರು ನಾಲ್ಕು ವಾರ ಥೈರಾಯಿಡ್ ಹಾರ್ಮೋನನ್ನು ನಿಲ್ಲಿಸುವುದುಂಟು. ಆ ಸ್ಥಿತಿಯಲ್ಲಿ ಮೂತ್ರಪಿಂಡದ ಕೆಲಸವೂ ಮಂದವಾಗುತ್ತದೆ. ಅದನ್ನು ತಪ್ಪಿಸುವ ಚುಚ್ಚುಮದ್ದಿದೆ, ಬೆಲೆ ದುಬಾರಿ.

ಇನ್ನು ಮುಖ್ಯ ಗ್ರಂಥವಿಷಯ. ‘ಸುರಕ್ಷಿತ’ವೆಂಬ ಮಾತಿಗೆ ಇಂದಿಗೂ ಆಧಾರವಾಗಿ ನಿಂತಿರುವುದು ಬೆನುವಾ, ಸಿಕೇಲ್, ಸೋನೆನ್‌ಬರ್ಗ್, ರಾಸನ್ ಇವರು ೧೯೬೨ರಲ್ಲಿ ಪ್ರಕಟಿಸಿದ ಲೇಖನ. ೫೯ ರೋಗಿಗಳಿಗೆ ಕೊಟ್ಟ ೧೨೨ ಚಿಕಿತ್ಸೆಗಳನ್ನು ಅವರು ಹಿಂದಿರುಗಿ ನೋಡಿದರು. ರಕ್ತದ ಹೀರಿಕೆ ೨೦೦ ರ‍್ಯಾಡ್, ಎಂದರೆ ಎರಡು ಗ್ರೇ, ಮೀರದಿದ್ದಲ್ಲಿ ಗಂಡಾಂತರದ ತೊಡಕುಗಳು ಕಡಮೆಯೆಂದೂ, ೪೮ ಗಂಟೆಗಳ ನಂತರ ದೇಹದಲ್ಲಿ ಉಳಿದ ಪಟುತ್ವ ೧೨೦ ಮಿಲಿಕ್ಯೂರಿಯನ್ನು ದಾಟಬಾರದೆಂದೂ, ಶ್ವಾಸಕೋಶದಲ್ಲೆಲ್ಲ ಗಂತಿ ಹರಡಿದ್ದರೆ ೮೦ನ್ನು ದಾಟಬಾರದೆಂದೂ ಅವರ ನಿರ್ಣಯ. ಕೊನೆಯ ಎಚ್ಚರಿಕೆಗೆ ಪೂರ್ವಪೀಠಿಕೆಯುಂಟು: ಶ್ವಾಸಕೋಶದ ಗಂತಿಗಳಿಗೆ ಅಯೋಡಿನ್ ಕೊಟ್ಟ ಮೇಲೆ ಶ್ವಾಸಕೋಶವೇ ನಾರುಗಟ್ಟಿದ ಪ್ರಸಂಗಗಳನ್ನು ರಾಲ್ ಮತ್ತು ಸಂಗಡಿಗರು ೧೯೫೭ರಲ್ಲಿ ವರದಿ ಮಾಡಿದ್ದರು.

ಈ ಲೇಖನದ ಯೋಗ್ಯತೆಯನ್ನು ಕಡಮೆ ಮಾಡುವುದು ನನ್ನ ಇಚ್ಛೆಯಲ್ಲ. ಆ ಕಾಲದಲ್ಲಿ ದಿನದಿನವೂ ರಕ್ತವನ್ನು ತೆಗೆದು, ಮೂತ್ರವನ್ನು ಕೂಡಿಟ್ಟು ಅಳೆದು, ತಮ್ಮ ಸೋಲುಗಳನ್ನೂ ಅಚ್ಚಿನಲ್ಲಿ ಹಾಕಿದ ಅವರ ಪ್ರಾಮಾಣಿಕತೆ ದೊಡ್ಡದು. ಆದರೆ ಒಂದೇ ಆಸ್ಪತ್ರೆಯ ೫೯ ಜನರಿಂದ ತೆಗೆದ ಎಚ್ಚರಿಕೆಯ ಗೆರೆಯೊಂದು ಮುಂದಿನವರ ಕೈಯಲ್ಲಿ ಶಾಸನವಾದುದು ಹೇಗೆ? ಮೊದಲನೆಯದಾಗಿ, ಕಾಪಾಡಬೇಕಾದುದು ಎಲುಬಿನ ಮಜ್ಜೆ, ಅಳೆದುದು ರಕ್ತ. ರಕ್ತವು ಮಜ್ಜೆಯ ಪ್ರತಿನಿಧಿಯೆಂಬುದು ಅನುಕೂಲಕ್ಕಾಗಿ ಮಾಡಿಕೊಂಡ ಊಹೆ. ಎಲುಬಿನಲ್ಲಿಯೇ ಗಂತಿಯಿರುವವನಲ್ಲಿ ಆ ಊಹೆ ಸಡಿಲವಾಗುತ್ತದೆ. ಇನ್ನು, ೧೯೯ ರ‍್ಯಾಡ್ ಕ್ಷೇಮ, ೨೦೧ ಅಪಾಯ ಎಂಬ ಮೆಟ್ಟಿಲು ಜೀವದಲ್ಲಿ ಎಲ್ಲಿಯೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಮೇಲ್ಮಿತಿಯೇ ಹೊರತು ಗುರಿಯಲ್ಲ. ಮೇಲೆ ಹೇಳಿದ ಮೂವರನ್ನೇ ತೆಗೆದುಕೊಳ್ಳೋಣ: ೪೮ ಗಂಟೆಯಲ್ಲಿ ಅವರಲ್ಲಿ ಉಳಿಯುವುದು ಕ್ರಮವಾಗಿ ನುಂಗಿದುದರ ೨೧, ೪೨, ೫೯ ಪ್ರತಿಶತ. ೧೨೦ರ ನಿಯಮವನ್ನು ಅಕ್ಷರಶಃ ಅನ್ವಯಿಸಿದರೆ ಮೊದಲನೆಯವನಿಗೆ ಸುಮಾರು ೫೭೦, ಎರಡನೆಯವನಿಗೆ ೨೮೫, ಮೂರನೆಯವನಿಗೆ ೨೦೦ ಮಿಲಿಕ್ಯೂರಿ ಕೊಡಬಹುದಾಯಿತು! ‘ಕೊಡಬಹುದು’ ಎಂಬುದನ್ನು ‘ಕೊಡಬೇಕು’ ಎಂದು ಓದಿದ ಪಂಥವೊಂದು ಬೆಳೆದಿದೆ. ತಾಳಬಲ್ಲಷ್ಟನ್ನೂ ಕೊಡುವುದು, ಬೇಕಾದಷ್ಟನ್ನು ಮಾತ್ರ ಕೊಡುವುದು ಇವೆರಡೂ ಬೇರೆ ಬೇರೆ ದರ್ಶನಗಳು. ಒಂದೇ ಸೂತ್ರದಿಂದ ಎರಡನ್ನೂ ಹೊರಡಿಸಲಾಗದು.

ಬೇಕಾದುದೆಷ್ಟು ಎಂಬ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವನು ಮ್ಯಾಕ್ಸನ್. ೧೯೮೩ರಲ್ಲಿ ಅವನೂ ಅವನ ಸಂಗಡಿಗರೂ ಕತ್ತಿನಲ್ಲಿ ಉಳಿದ ಗ್ರಂಥಿಶೇಷಕ್ಕೆ ೩೦೦ ಗ್ರೇ, ಹರಡಿದ ಗಂತಿಗೆ ೮೦ ಗ್ರೇ ಹೀರಿಕೆ ದೊರೆತರೆ ಫಲ ಕಾಣುವುದೆಂದು ತೋರಿಸಿದರು. ಗಂತಿಯ ಕಡೆಯಿಂದ ಲೆಕ್ಕ ಹಾಕುವ ಈ ಮಾರ್ಗ ತತ್ತ್ವದಲ್ಲಿ ಶ್ರೇಷ್ಠ. ವ್ಯವಹಾರದಲ್ಲಿ ಗಂತಿಯ ತೂಕವನ್ನು ತಿಳಿಯಬೇಕು. ಅದು ಅಯೋಡಿನ್ನನ್ನು ಎಷ್ಟು ಹಿಡಿಯಿತು, ಎಷ್ಟು ದಿನ ಹಿಡಿದಿಟ್ಟಿತು ಎಂಬುದನ್ನು ಹಲವು ದಿನ ಅಳೆಯಬೇಕು. ಸಾಸಿವೆ ಕಾಳಿನಷ್ಟಿರುವ ಗಂತಿಯ ತೂಕದಲ್ಲಿ ತಪ್ಪಾದರೆ ಇಡೀ ಲೆಕ್ಕ ತಪ್ಪು.

ಈ ಅಳತೆಗಳೆಲ್ಲ ಬೇಡ, ದುಂಡು ಸಂಖ್ಯೆಯೇ ಸಾಕು ಎನ್ನುವವರ ವಾದವನ್ನೂ ಹಗುರವಾಗಿ ತಳ್ಳಿಹಾಕಲಾಗದು. ಪ್ಯಾರಿಸ್ ಬಳಿಯ ಗುಸ್ತಾವ್ ರುಸ್ಸಿ ಸಂಸ್ಥೆಯಲ್ಲಿ ಪ್ರತಿಸಲವೂ ೧೦೦ ಮಿಲಿಕ್ಯೂರಿ ಕೊಡುತ್ತಿದ್ದರು. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ರಕ್ತವನ್ನು ಅಳೆದು ತಾಳಬಲ್ಲಷ್ಟು ಕೊಡುತ್ತಿದ್ದರು. ದೇಹದಲ್ಲಿ ಗಂತಿ ಹರಡಿದ್ದ ಎರಡೂ ಕಡೆಯ ರೋಗಿಗಳನ್ನು ಹೋಲಿಸಿ ೨೦೧೭ರಲ್ಲಿ ಡೆಯಾಂಡ್ರೇಯಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಲ್ಲಿ ಒಟ್ಟು ಬದುಕಿನ ಅವಧಿಯಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಅಮೆರಿಕದ ಥೈರಾಯಿಡ್ ಸಂಘವು ೨೦೧೫ರ ತನ್ನ ಮಾರ್ಗಸೂಚಿಯಲ್ಲಿ ಯಾವ ಮಾರ್ಗ ಮೇಲು ಎಂದು ಹೇಳಲು ಸಾಕಷ್ಟು ಆಧಾರವಿಲ್ಲವೆಂದು ಒಪ್ಪಿಕೊಂಡಿತು. ಈ ಹೋಲಿಕೆ ಹಿಂದಿರುಗಿ ನೋಡಿ ಮಾಡಿದ್ದು; ಚೀಟಿಯೆತ್ತಿ ಹಂಚಿದ ಪ್ರಯೋಗವಲ್ಲ. ಆದರೂ ಅದು ಹೆಚ್ಚಿನ ಪಟುತ್ವವೇ ಹೆಚ್ಚಿನ ಆಯುಷ್ಯವೆಂಬ ನಂಬಿಕೆಗೆ ಪೆಟ್ಟು ಕೊಡುತ್ತದೆಯೆಂಬುದರಲ್ಲಿ ಸಂದೇಹವಿಲ್ಲ.

ಹಾಗಾದರೆ ಅಳತೆ ಯಾರಿಗೂ ಬೇಡವೆ? ಇಲ್ಲಿ ಟಟಲ್ ಮತ್ತು ಸಂಗಡಿಗರ ೨೦೦೬ರ ಲೇಖನವನ್ನು ಓದಲೇಬೇಕು. ದುಂಡಾಗಿ ೨೦೦ ಮಿಲಿಕ್ಯೂರಿ ಕೊಟ್ಟರೆ ಎಪ್ಪತ್ತಕ್ಕೆ ಕೆಳಗಿನವರಲ್ಲಿ ೮ರಿಂದ ೧೫ ಪ್ರತಿಶತ ಜನರೂ, ಎಪ್ಪತ್ತು ಮುಟ್ಟಿದವರಲ್ಲಿ ೨೨ರಿಂದ ೩೮ ಪ್ರತಿಶತ ಜನರೂ ರಕ್ತದ ಮೇಲ್ಮಿತಿಯನ್ನು ಮೀರುವರೆಂದು ಅವರು ಕಂಡರು. ಮುದುಕರ ಮೂತ್ರಪಿಂಡ ನಿಧಾನ; ನಮ್ಮ ಮೂರನೆಯ ಮನುಷ್ಯ ಅವನೇ. ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಎಲ್ಲರನ್ನೂ ಅಳೆಯುವುದು ವ್ಯರ್ಥ, ಯಾರನ್ನೂ ಅಳೆಯದಿರುವುದು ಅಪರಾಧ. ಎಪ್ಪತ್ತರ ಆಸುಪಾಸಿನವರು, ಮೂತ್ರಪಿಂಡ ಕೆಟ್ಟವರು, ಶ್ವಾಸಕೋಶದ ತುಂಬ ಗಂತಿಯಿರುವವರು, ಮಕ್ಕಳು ಇವರ ಅಳತೆ ಆಗಲೇಬೇಕು.

ಮಿಕ್ಕ ಬಹುಸಂಖ್ಯಾತರಲ್ಲಿ ಪ್ರಶ್ನೆ ಮೇಲ್ಮಿತಿಯದಲ್ಲ, ಕೆಳಮಿತಿಯದು. ಶಸ್ತ್ರಚಿಕಿತ್ಸೆಯ ನಂತರ ಕತ್ತಿನಲ್ಲಿ ಉಳಿದ ತುಣುಕನ್ನು ಸುಡಲು ಕನಿಷ್ಠ ಎಷ್ಟು ಬೇಕು? ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವುದು ೨೦೧೨ರಲ್ಲಿ ಒಟ್ಟಿಗೆ ಹೊರಬಂದ ಎರಡು ಪ್ರಯೋಗಗಳನ್ನು. ಬ್ರಿಟನ್ನಿನ ಹೈಲೋ ಪ್ರಯೋಗದಲ್ಲಿ ೪೩೮ ರೋಗಿಗಳು. ೩೦ ಮಿಲಿಕ್ಯೂರಿ ಪಡೆದವರಲ್ಲಿ ೮೫, ೧೦೦ ಪಡೆದವರಲ್ಲಿ ೮೮.೯ ಪ್ರತಿಶತ ಜನರಿಗೆ ಗುಣ ಕಂಡಿತು, ಗಣನೀಯ ವ್ಯತ್ಯಾಸವಿಲ್ಲ. ಫ್ರಾನ್ಸಿನ ಎಸ್ಟಿಮಾಬ್ಲ್ ಪ್ರಯೋಗವೂ ಅದನ್ನೇ ಹೇಳಿತು. ಆದರೆ ಇದಕ್ಕೆ ಎಂಟು ವರ್ಷ ಮೊದಲೇ, ೨೦೦೪ರಲ್ಲಿ, ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಸಿ. ಎಸ್. ಬಲ್ ಮತ್ತು ಸಂಗಡಿಗರು ಐನೂರಕ್ಕೂ ಹೆಚ್ಚು ರೋಗಿಗಳನ್ನು ೧೫ರಿಂದ ೫೦ ಮಿಲಿಕ್ಯೂರಿಯವರೆಗೆ ಐದೈದರ ಅಂತರದಲ್ಲಿ ಎಂಟು ಗುಂಪುಗಳಾಗಿ ಹಂಚಿ ಪರೀಕ್ಷಿಸಿದ್ದರು. ೨೫ಕ್ಕಿಂತ ಕಡಮೆಯಾದರೆ ಫಲ ಇಳಿಯುವುದೆಂದೂ, ೨೫ರಿಂದ ೫೦ರ ನಡುವೆ ಹೆಚ್ಚಿಸಿದುದರಿಂದ ವಿಶೇಷ ಲಾಭವಿಲ್ಲವೆಂದೂ ಅವರ ತೀರ್ಮಾನ. ಹೈಲೋ ಹೋಲಿಸಿದುದು ಎರಡೇ ಬಿಂದುಗಳನ್ನು. ದಿಲ್ಲಿಯವರು ರೇಖೆಯನ್ನೇ ಎಳೆದರು. ಪರದೇಶದ ಪತ್ರಿಕೆ ಹೇಳಿದ ಮೇಲೆಯೇ ನಮ್ಮ ಮನೆಯ ಮಾತನ್ನು ನಂಬುವ ಅಭ್ಯಾಸ ಸಾಹಿತ್ಯದಲ್ಲಿ ಮಾತ್ರವೆಂದು ತಿಳಿದಿದ್ದೆವು. ೨೦೨೨ರಲ್ಲಿ ಫ್ರಾನ್ಸಿನವರೇ ಇನ್ನೂ ಮುಂದೆ ಹೋಗಿ, ಅಪಾಯ ಕಡಮೆಯಿರುವ ೭೭೬ ರೋಗಿಗಳಲ್ಲಿ ಅಯೋಡಿನ್ ಕೊಟ್ಟವರಿಗೂ ಕೊಡದವರಿಗೂ ಮೂರು ವರ್ಷಗಳಲ್ಲಿ ಭೇದವಿಲ್ಲವೆಂದು ತೋರಿಸಿದ್ದಾರೆ.

ಹುಮನಾಬಾದದ ಹೆಣ್ಣುಮಗಳೊಬ್ಬಳಿಗೆ ಇದರ ಅರ್ಥವೇನು? ಈ ಏಡಿಗಂತಿ ಗಂಡಸರಿಗಿಂತ ಹೆಂಗಸರಲ್ಲಿ ಮೂರು ಪಟ್ಟಿನಷ್ಟು ಹೆಚ್ಚು. ಅದೂ ಮಕ್ಕಳನ್ನು ಹೆತ್ತು ಸಾಕುವ ವಯಸ್ಸಿನಲ್ಲಿ. ೧೦೦ರ ಬದಲು ೩೦ ಎಂದಾದರೆ ಒಂಟಿ ಕೋಣೆಯ ವಾಸ ತಗ್ಗುತ್ತದೆ, ಮಗುವನ್ನು ದೂರವಿಡುವ ದಿನಗಳು ತಗ್ಗುತ್ತವೆ; ಏನೂ ಬೇಡವೆಂದಾದರೆ ಆ ಪ್ರಯಾಣವೇ ಇಲ್ಲ. ಎರಡು ಅಂಕಣದ ಮನೆಯಲ್ಲಿ ಆರು ಜನ ಮಲಗುವಲ್ಲಿ ‘ಪ್ರತ್ಯೇಕ ಕೋಣೆ, ಪ್ರತ್ಯೇಕ ಶೌಚಾಲಯ’ ಎಂಬ ಸೂಚನೆಯನ್ನು ಪಾಲಿಸುವುದು ಹೇಗೆ? ಬಸ್ಸಿನಲ್ಲಿ ನಾಲ್ಕು ತಾಸು ಪಕ್ಕದ ಆಸನದಲ್ಲಿ ಕುಳಿತವರ ಗತಿಯೇನು? ಕೆಳಮಿತಿಯ ಪ್ರಶ್ನೆ ಈ ಊರುಗಳಲ್ಲಿ ಕೇವಲ ವಿದ್ವತ್ತಿನದಲ್ಲ.

ಪಥ್ಯದ ವಿಷಯ ಇನ್ನೂ ವಿಚಿತ್ರ. ಚಿಕಿತ್ಸೆಗೆ ಮುನ್ನ ಎರಡು ವಾರ ದಿನಕ್ಕೆ ೫೦ ಮೈಕ್ರೋಗ್ರಾಮಿಗಿಂತ ಕಡಮೆ ಅಯೋಡಿನ್ ಸೇವಿಸಿದರೆ ಗಂತಿ ಹಸಿದು ವಿಕಿರಣಪಟು ಅಯೋಡಿನ್ನನ್ನು ಹೆಚ್ಚಾಗಿ ಹಿಡಿಯುತ್ತದೆ. ಕಡಮೆ ಪಟುತ್ವದಿಂದಲೇ ಕೆಲಸವಾಗುತ್ತದೆ. ಇದಕ್ಕಾಗಿ ಪರದೇಶದಲ್ಲಿ ಮಾಡಿದ ಪಟ್ಟಿಗಳಲ್ಲಿ ಕಡಲಮೀನು, ಕಡಲಪಾಚಿ ಮೊದಲಾದುವನ್ನು ಬಿಡಬೇಕೆಂದಿದೆ. ಜೋಳದ ರೊಟ್ಟಿ, ಪುಂಡಿ ಪಲ್ಯ ಉಣ್ಣುವವರಿಗೆ ಕಡಲಪಾಚಿಯನ್ನು ಬಿಡಿ ಎಂದು ಬೋಧಿಸಿ ಫಲವೇನು? ಇಲ್ಲಿ ಅಯೋಡಿನ್ ಬರುವುದು ಮುಖ್ಯವಾಗಿ ಉಪ್ಪಿನಿಂದ. ೨೦೦೬ರಿಂದ ದೇಶದಲ್ಲೆಲ್ಲ ಊಟಕ್ಕೆ ಮಾರುವ ಉಪ್ಪು ಅಯೋಡಿನ್ ಸೇರಿದ್ದೇ ಆಗಿರಬೇಕೆಂಬ ನಿಯಮವಿದೆ. ಗಳಗಂಡವನ್ನು ತಡೆಯಲು ಅದು ಅವಶ್ಯವೇ. ಮನೆಗೆ ಬಂದ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ ೧೫ ಭಾಗವಾದರೂ ಅಯೋಡಿನ್ ಇರಬೇಕು. ದಿನಕ್ಕೆ ಹತ್ತು ಗ್ರಾಮ್ ಉಪ್ಪು ತಿಂದರೆ ೧೫೦ ಮೈಕ್ರೋಗ್ರಾಮ್, ಅಂದರೆ ಪಥ್ಯದ ಮಿತಿಯ ಮೂರು ಪಟ್ಟು. ಅಡಿಗೆಯ ಉಪ್ಪನ್ನು ಬದಲಿಸಿದರೂ ಬೇಸಗೆಯಲ್ಲಿ ಹಾಕಿಟ್ಟ ಉಪ್ಪಿನಕಾಯಿ, ಕುಟ್ಟಿಟ್ಟ ಶೇಂಗಾ ಹಿಂಡಿ, ಹಪ್ಪಳ ಇವುಗಳಲ್ಲಿ ಹಳೆಯ ಉಪ್ಪೇ ಇರುತ್ತದೆ. ಅಯೋಡಿನ್ ಸೇರಿಲ್ಲವೆಂದು ಚೀಟಿಯಲ್ಲಿ ಬರೆದ ಉಪ್ಪನ್ನು ಹುಡುಕಿ ತರಬೇಕೆಂದೂ, ಈ ಡಬ್ಬಿಗಳನ್ನು ಎರಡು ವಾರ ಮುಟ್ಟಬಾರದೆಂದೂ ಹೇಳುವ ಒಂದು ಪುಟ, ಅನುವಾದಿತ ಪಟ್ಟಿಯ ಹತ್ತು ಪುಟಗಳಿಗಿಂತ ಮೇಲು. ಅಯೋಡಿನ್ ಬೆರೆತ ಬಣ್ಣವನ್ನು ನರಕ್ಕೆ ಚುಚ್ಚಿ ತೆಗೆಯುವ ಸಿ.ಟಿ. ಚಿತ್ರ ಸಮೀಪದಲ್ಲಿ ಆಗಿದ್ದರೆ ಈ ಪಥ್ಯವೆಲ್ಲ ನಿಷ್ಫಲ. ಅದನ್ನು ವೈದ್ಯರಿಗೆ ತಿಳಿಸಲೇಬೇಕು.

ಪುನಃ ‘ಸುರಕ್ಷಿತ’ವೆಂಬ ಮಾತಿಗೆ ಬರುತ್ತೇನೆ. ಎರಡು ಗ್ರೇಯ ಗೆರೆ ಮಜ್ಜೆಯನ್ನು ಕಾಯುತ್ತದೆ, ಜೊಲ್ಲುಗ್ರಂಥಿಯನ್ನು ಕಾಯುವುದಿಲ್ಲ. ಜೊಲ್ಲುಗ್ರಂಥಿಯೂ ಅಯೋಡಿನ್ನನ್ನು ಹೀರುತ್ತದೆ. ಚಿಕಿತ್ಸೆ ಮರುಕಳಿಸಿದಂತೆ ಬಾಯಿ ಒಣಗುವ ಬಾಧೆ ಹೆಚ್ಚುತ್ತದೆ. ಮೆತ್ತನೆಯ ಅನ್ನ ಉಣ್ಣುವವನಿಗೆ ಅದು ಕಿರಿಕಿರಿ. ಖಡಕ್ ರೊಟ್ಟಿಯನ್ನು ಅಗಿದು ಬದುಕುವವನಿಗೆ ನಿತ್ಯದ ಶಿಕ್ಷೆ. ಇನ್ನು ದೂರದ ಪರಿಣಾಮ: ರುಬಿನೋ ಮತ್ತು ಸಂಗಡಿಗರು ೨೦೦೩ರಲ್ಲಿ ಸ್ವೀಡನ್, ಇಟಲಿ, ಫ್ರಾನ್ಸ್ ದೇಶಗಳ ೬,೮೪೧ ರೋಗಿಗಳನ್ನು ಪರಿಶೀಲಿಸಿ, ಹತ್ತು ಸಾವಿರ ಜನರಿಗೆ ತಲಾ ೧೦೦ ಮಿಲಿಕ್ಯೂರಿ ಕೊಟ್ಟರೆ ಹತ್ತು ವರ್ಷಗಳಲ್ಲಿ ೫೩ ಹೊಸ ಘನ ಏಡಿಗಂತಿಗಳೂ ಮೂರು ರಕ್ತದ ಏಡಿಗಂತಿಗಳೂ ಹೆಚ್ಚಾಗಿ ಕಾಣಿಸಬಹುದೆಂದು ಗಣಿಸಿದರು. ಹರಡಿದ ರೋಗದಿಂದ ಸಾಯುವವನಿಗೆ ಇದು ಒಪ್ಪಬಹುದಾದ ಬೆಲೆ. ಬರಿಯ ಗ್ರಂಥಿಶೇಷವುಳ್ಳ ಮೂವತ್ತರ ಹೆಂಗಸಿಗೆ ಅಲ್ಲ. ಒಂದೇ ‘ಸುರಕ್ಷಿತ’ ಶಬ್ದ ಇಬ್ಬರಿಗೂ ಹೇಗೆ ಸಂದೀತು?

ಅಳತೆ ಬೇಕಾದವರಿಗಾದರೂ ಅದನ್ನು ಹಗುರಗೊಳಿಸಲು ಸಾಧ್ಯವಿದೆ. ಹಲವು ದಿನ ರಕ್ತ ತೆಗೆಯುವ ಹಳೆಯ ಕ್ರಮದ ಬದಲು, ದೇಹದಲ್ಲಿ ಉಳಿದ ಪಟುತ್ವವನ್ನು ಒಂದೆರಡು ದಿನಗಳ ನಂತರ ಒಂದೇ ಬಾರಿ ಅಳೆದು ರಕ್ತದ ಹೀರಿಕೆಯನ್ನು ತಕ್ಕಮಟ್ಟಿಗೆ ಗಣಿಸಬಹುದೆಂದು ಹ್ಯಾನ್‌ಷೈಡ್ ಮತ್ತು ಸಂಗಡಿಗರು ೨೦೦೯ರಲ್ಲಿ ತೋರಿಸಿದ್ದಾರೆ. ಅಲ್ಪ ಪಟುತ್ವವನ್ನು ಮೊದಲು ಕೊಟ್ಟು ೪೮ ಗಂಟೆಗೆ ಅಳೆಯುವುದೆಂದರೆ ಬಸವಕಲ್ಯಾಣದವನಿಗೆ ನಗರದಲ್ಲಿ ಎರಡು ರಾತ್ರಿ, ವಾರವಲ್ಲ. ಇದರಲ್ಲಿ ನಿಖರತೆ ಕೊಂಚ ಕಡಮೆಯಾಗುವುದನ್ನು ಒಪ್ಪಿಯೂ ನಾನು ಇದನ್ನೇ ಬೆಂಬಲಿಸುತ್ತೇನೆ. ಮಾಡಲಾಗದ ನಿಖರ ಅಳತೆಗಿಂತ ಮಾಡಬಹುದಾದ ಸ್ಥೂಲ ಅಳತೆ ರೋಗಿಗೆ ಹೆಚ್ಚು ಉಪಯೋಗಿ.

ಇನ್ನೊಂದು ಕೆಲಸಕ್ಕೆ ಯಂತ್ರವೂ ಬೇಡ. ಈ ರೋಗ ಹತ್ತು ಹದಿನೈದು ವರ್ಷಗಳ ನಂತರವೂ ಮರಳಬಹುದು. ಮೊದಲ ಚಿಕಿತ್ಸೆ ಹೈದರಾಬಾದಿನಲ್ಲಾದವನು ಎರಡನೆಯದಕ್ಕೆ ಸೊಲ್ಲಾಪುರಕ್ಕೋ ಬೆಂಗಳೂರಿಗೋ ಹೋದಾನು. ಆಗ ಅಲ್ಲಿಯ ವೈದ್ಯನಿಗೆ ಬೇಕಾಗುವುದು ಇದುವರೆಗೆ ನುಂಗಿದ ಒಟ್ಟು ಪಟುತ್ವ, ಅಳೆದಿದ್ದರೆ ರಕ್ತದ ಹೀರಿಕೆ, ೪೮ ಗಂಟೆಯಲ್ಲಿ ಉಳಿದ ಭಾಗ, ಕೊಟ್ಟ ತಾರೀಖು. ಬಿಡುಗಡೆಯ ಚೀಟಿಯಲ್ಲಿ ಈ ನಾಲ್ಕು ಅಂಕಗಳು, ಮಿಲಿಕ್ಯೂರಿ ಬೇರೆ ಗ್ರೇ ಬೇರೆಯಾಗಿ, ಇರಬೇಕು. ಅಂಕಗಳನ್ನು ಯಾವ ನಾಡಿನ ವೈದ್ಯನೂ ಓದಿಕೊಳ್ಳುತ್ತಾನೆ. ಅವುಗಳ ಕೆಳಗಿನ ಸೂಚನೆಗಳು ಮಾತ್ರ ಆ ಮನೆಯ ಮಾತಿನಲ್ಲಿರಬೇಕು. ಈ ಎರಡು ತಾಲ್ಲೂಕುಗಳಲ್ಲಿ ಅದು ಕನ್ನಡವಾಗಿರಬಹುದು, ಮರಾಠಿಯಾಗಿರಬಹುದು, ಉರ್ದುವಾಗಿರಬಹುದು.